ಮನೆಗೆ ಸ್ಟೇರ್ ಲಿಫ್ಟ್ ಹಾಕಿಸುವ ಮೊದಲು: ಏನು ಅಳೆಯಬೇಕು, ಏನು ಕೇಳಬೇಕು

"ಅಮ್ಮನಿಗೆ ಮಂಡಿ ನೋವು. ಮಹಡಿ ಹತ್ತೋಕೆ ಆಗ್ತಿಲ್ಲ. ಸ್ಟೇರ್ ಲಿಫ್ಟ್ ಹಾಕಿಸಬಹುದಾ? ಎಷ್ಟಾಗುತ್ತೆ?" ಓದುಗರಿಂದ ಪದೇ ಪದೇ ಬರುವ ಪ್ರಶ್ನೆ ಇದು. ಬೆಂಗಳೂರು, ಮೈಸೂರು, ಹುಬ್ಬಳ್ಳಿ ಕಡೆ ಇಪ್ಪತ್ತು-ಮೂವತ್ತು ವರ್ಷದ ಹಿಂದೆ 30x40 ಸೈಟಿನಲ್ಲಿ ಡ್ಯೂಪ್ಲೆಕ್ಸ್ ಕಟ್ಟಿಸಿದವರಿಗೆ ಈಗ ವಯಸ್ಸಾಗಿದೆ. ಮಲಗುವ ಕೋಣೆ ಮೇಲೆ, ಅಡುಗೆಮನೆ ಕೆಳಗೆ. ದಿನಕ್ಕೆ ನಾಲ್ಕೈದು ಸಲ ಹತ್ತಿ ಇಳಿಯುವ ಮೆಟ್ಟಿಲೇ ಈಗ ಭಯ ಹುಟ್ಟಿಸುತ್ತಿದೆ.

ಹೆಚ್ಚಿನವರು ಬೆಲೆ ಕೇಳಿ ಶುರು ಮಾಡುತ್ತಾರೆ. ಅಂಗಡಿಯವರು ಮಾಡೆಲ್ ತೋರಿಸಿ ಶುರು ಮಾಡುತ್ತಾರೆ. ಎರಡೂ ಬೇಡ. ಮೊದಲು ಕೂರುವವರನ್ನು ನೋಡಿ, ಆಮೇಲೆ ಮೆಟ್ಟಿಲು ನೋಡಿ, ಯಂತ್ರ ಕೊನೆಗೆ. ಇನ್ನೊಂದು ಮಾತನ್ನು ಈಗಲೇ ಹೇಳಿಬಿಡುತ್ತೇನೆ. ಸ್ಟೇರ್ ಲಿಫ್ಟಿನಲ್ಲಿ ಕೂತು ಸಾಗುವಾಗ ಅಪಾಯ ಕಡಿಮೆ. ಅಪಾಯ ಇರುವುದು ಕೂರುವಾಗ ಮತ್ತು ಏಳುವಾಗ. ಅದರಲ್ಲೂ ಮೇಲಿನ ತುದಿಯಲ್ಲಿ. ದುಡ್ಡು ಖರ್ಚು ಮಾಡುವುದಿದ್ದರೆ ಆ ಜಾಗಕ್ಕೆ ಮಾಡಿ.

ಸ್ಟೇರ್ ಲಿಫ್ಟ್ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಮೆಟ್ಟಿಲಿನ ಒಂದು ಬದಿಗೆ ಉದ್ದಕ್ಕೂ ಒಂದು ಹಳಿ ಕೂರಿಸುತ್ತಾರೆ. ಆ ಹಳಿಯ ಮೇಲೆ ಮೋಟಾರ್ ಇರುವ ಕುರ್ಚಿ ನಿಧಾನವಾಗಿ ಹತ್ತಿ ಇಳಿಯುತ್ತದೆ. ಹೆಚ್ಚಿನ ಮಾಡೆಲ್‌ಗಳಲ್ಲಿ ಹಳಿಗೆ ಹಲ್ಲಿನ ಪಟ್ಟಿ ಇರುತ್ತದೆ, ಕುರ್ಚಿಯ ಕೆಳಗಿನ ಹಲ್ಲಿನ ಚಕ್ರ ಅದನ್ನು ಕಚ್ಚಿಕೊಂಡು ಹೋಗುತ್ತದೆ. ಹಾಗಾಗಿ ಜಾರುವ ಪ್ರಶ್ನೆ ಇಲ್ಲ. ವೇಗ ಏನಾದರೂ ಮೀರಿದರೆ ತಡೆಯಲು ಬೇರೆ ಬ್ರೇಕ್ ಇರುತ್ತದೆ. ಯುರೋಪಿನ ಇಎನ್ 81-40 ಅನ್ನುವ ಸುರಕ್ಷಾ ಮಾನದಂಡದ ಪ್ರಕಾರ ವೇಗ ಸೆಕೆಂಡಿಗೆ 0.15 ಮೀಟರ್ ದಾಟಬಾರದು. ಹತ್ತು ಅಡಿ ಎತ್ತರದ ಒಂದು ಮಹಡಿಗೆ ಒಂದು ನಿಮಿಷದ ಆಸುಪಾಸು ಬೇಕು. ಹಳಿಯನ್ನು ಗೋಡೆಗೆ ಹೊಡೆಯುತ್ತಾರೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಸಾಮಾನ್ಯವಾಗಿ ಹಾಗಲ್ಲ, ಅದು ನಿಲ್ಲುವುದು ಮೆಟ್ಟಿಲಿನ ಮೇಲೆ. ಗೋಡೆ ಎಷ್ಟು ಗಟ್ಟಿ ಅನ್ನುವುದಕ್ಕಿಂತ ಮೆಟ್ಟಿಲು ಎಷ್ಟು ಗಟ್ಟಿ ಅನ್ನುವುದೇ ಮುಖ್ಯ.

1. ಕೂರುವವರನ್ನು ನೋಡಿ

ಮನೆಯ ಊಟದ ಕುರ್ಚಿ ತನ್ನಿ. ಕೈ ಇರುವ ಕುರ್ಚಿಯಾದರೆ ಒಳ್ಳೆಯದು. ಅದರಲ್ಲಿ ಅವರನ್ನು ಕೂರಿಸಿ, ಯಾರ ಸಹಾಯವೂ ಇಲ್ಲದೆ ಏಳಲು ಹೇಳಿ. ಎದ್ದು, ಒಂದೆರಡು ಹೆಜ್ಜೆ ಇಟ್ಟು, ತಿರುಗಿ ಮತ್ತೆ ಕೂರಲಿ. ಇಷ್ಟು ಆಗುತ್ತಿದ್ದರೆ ಸ್ಟೇರ್ ಲಿಫ್ಟ್ ಅವರಿಗೆ ಹೊಂದುತ್ತದೆ. ಒಬ್ಬರು ಕೈ ಹಿಡಿದರೆ ಆಗುತ್ತದೆ ಅನ್ನುವುದಾದರೆ ಪ್ರತಿ ಸಲ ಮೇಲೂ ಕೆಳಗೂ ಆ ಒಬ್ಬರು ಇರಬೇಕು ಅಂತ ಅರ್ಥ. ಮಗ-ಸೊಸೆ ಇಬ್ಬರೂ ಆಫೀಸಿಗೆ ಹೋಗುವ ಮನೆಯಲ್ಲಿ ಇದನ್ನು ಮೊದಲೇ ಯೋಚಿಸಬೇಕು. ಎತ್ತಿ ಕೂರಿಸಬೇಕಾದ ಸ್ಥಿತಿ ಇದ್ದರೆ ಸ್ಟೇರ್ ಲಿಫ್ಟ್ ಬೇಡ. ಮೆಟ್ಟಿಲಿನ ತುದಿಯಲ್ಲಿ ನಿಂತು ಒಬ್ಬರನ್ನು ಎತ್ತುವುದು ಇಬ್ಬರಿಗೂ ಅಪಾಯ.

ಬೆನ್ನು ನೆಟ್ಟಗೆ ಇಟ್ಟು ಕೂರುವ ಬಲ ಇದೆಯೇ ನೋಡಿ. ಕೂತಲ್ಲೇ ಒಂದು ಕಡೆ ವಾಲುವವರಿಗೆ ಬರೀ ಸೊಂಟದ ಬೆಲ್ಟ್ ಸಾಲದು.

ಮಂಡಿ ಎಷ್ಟು ಮಡಚುತ್ತದೆ? ಕಾಲು ಚಾಚಿಯೇ ಕೂರಬೇಕಾದವರ ಪಾದ ಎದುರು ಗೋಡೆಗೋ ರೇಲಿಂಗಿಗೋ ತಾಗಬಹುದು. ಮಂಡಿ ಮಡಚಲಾಗದವರಿಗೆ ಅರ್ಧ ನಿಂತು ಅರ್ಧ ಒರಗುವಂಥ ಸೀಟು ಬರುತ್ತದೆ. ಆದರೆ ಅದಕ್ಕೆ ಕಾಲಿನಲ್ಲಿ ನಿಲ್ಲುವ ಶಕ್ತಿ ಇರಬೇಕು.

ಲಕ್ವ ಹೊಡೆದು ಒಂದು ಬದಿ ಸೋತವರ ವಿಷಯದಲ್ಲಿ ತುಂಬ ಜನ ಎಡವುತ್ತಾರೆ. ಕುರ್ಚಿ ಓಡಿಸುವ ಬಟನ್ ಅಥವಾ ಸಣ್ಣ ಹಿಡಿ ಕುರ್ಚಿಯ ಕೈ ಮೇಲಿರುತ್ತದೆ. ಅದನ್ನು ಒತ್ತಿ ಹಿಡಿದಿದ್ದರೆ ಮಾತ್ರ ಕುರ್ಚಿ ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ. ಆ ಬಟನ್ ಬಲ ಇರುವ ಕೈಯ ಕಡೆಗೇ ಇರಬೇಕು. ಹಳಿ ಮೆಟ್ಟಿಲಿನ ಯಾವ ಬದಿಗೆ ಬರುತ್ತದೆ ಅನ್ನುವುದರ ಮೇಲೆ ಅವರು ಯಾವ ಕಡೆ ತಿರುಗಿ ಇಳಿಯುತ್ತಾರೆ ಅನ್ನುವುದು ತೀರ್ಮಾನವಾಗುತ್ತದೆ. ಬಲ ಇರುವ ಕಾಲು ಮೊದಲು ನೆಲಕ್ಕೆ ತಾಗುವಂತೆ ಹಳಿಯ ಬದಿ ಆರಿಸಿ. ಪಾರ್ಕಿನ್ಸನ್ ಇರುವವರಿಗೆ ಕೈ ನಡುಗಿ ಬಟನ್ ಮೇಲಿನ ಒತ್ತಡ ತಪ್ಪಿದರೆ ಕುರ್ಚಿ ನಿಂತು ನಿಂತು ಹೋಗುತ್ತದೆ. ಅವರು ತಾವೇ ಒತ್ತಿ ನೋಡಿದ ಮೇಲೆ ಮಾತ್ರ ಮಾಡೆಲ್ ಒಪ್ಪಿಕೊಳ್ಳಿ.

ಮರೆವಿನ ಕಾಯಿಲೆ ಮುಂದುವರಿದಿದ್ದರೆ ಎಚ್ಚರ. ಅರ್ಧ ದಾರಿಯಲ್ಲಿ ಬೆಲ್ಟ್ ಬಿಚ್ಚಿ ಎದ್ದು ನಿಲ್ಲುವ ಸಾಧ್ಯತೆ ಇದೆ. ಫಿಟ್ಸ್ ಹತೋಟಿಗೆ ಬಂದಿಲ್ಲದವರಿಗೂ ಇದು ಸರಿಯಲ್ಲ. ಅನುಮಾನ ಇದ್ದರೆ ಫಿಸಿಯೋಥೆರಪಿಸ್ಟ್ ಒಬ್ಬರನ್ನು ಮನೆಗೇ ಕರೆಸಿ ತೋರಿಸಿ. ಲಕ್ಷಗಟ್ಟಲೆ ಖರ್ಚಿನ ಮುಂದೆ ಆ ಫೀಸು ಏನೂ ಅಲ್ಲ. ಈಗಿನ ಸ್ಥಿತಿ ಮಾತ್ರ ಕೇಳಬೇಡಿ, ಎರಡು-ಮೂರು ವರ್ಷದಲ್ಲಿ ಕಾಯಿಲೆ ಎಲ್ಲಿಗೆ ಹೋಗಬಹುದು ಅನ್ನುವುದನ್ನೂ ಕೇಳಿ.

ತೂಕವನ್ನೂ ನೋಡಿ ಬರೆದಿಟ್ಟುಕೊಳ್ಳಿ. ಸಾಮಾನ್ಯ ಮಾಡೆಲ್‌ಗಳು 120 ಕಿಲೋ ಆಸುಪಾಸಿನ ಭಾರ ಹೊರುತ್ತವೆ. ಅದಕ್ಕಿಂತ ಜಾಸ್ತಿ ಇದ್ದರೆ ಹೆಚ್ಚು ಭಾರದ ಮಾಡೆಲ್ ಕೇಳಬೇಕು.

2. ಸ್ಟೇರ್ ಲಿಫ್ಟೇ ಬೇಕಾ ಅಂತ ಒಮ್ಮೆ ಕೇಳಿಕೊಳ್ಳಿ

ಕೆಳಗಿನ ಮಹಡಿಯಲ್ಲಿ ಒಂದು ಕೋಣೆ, ಪಕ್ಕದಲ್ಲೇ ಬಾತ್‌ರೂಮ್ ಇದ್ದರೆ ಮಂಚ ಕೆಳಗೆ ತರುವುದೇ ಒಳ್ಳೆಯ ದಾರಿ. ಇದನ್ನು ಯಾವ ಮಾರಾಟಗಾರರೂ ಹೇಳುವುದಿಲ್ಲ. ಆದರೆ ಹಿರಿಯರನ್ನು ಕೇಳದೆ ಕೋಣೆ ಬದಲಿಸಬೇಡಿ. ಎಷ್ಟೋ ಮನೆಗಳಲ್ಲಿ ಪೂಜಾ ಕೋಣೆ ಮೇಲಿರುತ್ತದೆ, ಬೆಳಗಿನ ಬಿಸಿಲು ಬರುವ ಬಾಲ್ಕನಿ ಮೇಲಿರುತ್ತದೆ. ಅವರ ದಿನ ಎಲ್ಲಿ ಕಳೆಯುತ್ತದೆ ಅನ್ನುವುದು ಅವರಿಗೇ ಗೊತ್ತು.

ಮಂಡಿ ಚಿಪ್ಪು ಬದಲಿಸುವ ಆಪರೇಷನ್ ಆಗುವುದಿದ್ದರೆ ಕಾಯಿರಿ. ಚೇತರಿಸಿಕೊಂಡ ಮೇಲೆ ಹೆಚ್ಚಿನವರು ಮೆಟ್ಟಿಲು ಹತ್ತುತ್ತಾರೆ. ಆ ಕೆಲವು ವಾರ ಕೆಳಗೇ ಮಲಗುವ ವ್ಯವಸ್ಥೆ ಮಾಡಿದರೆ ಸಾಕು.

ಹತ್ತುವ ಶಕ್ತಿ ಇದೆ, ಬೀಳುವ ಹೆದರಿಕೆ ಮಾತ್ರ ಅನ್ನುವುದಾದರೆ ಎರಡೂ ಬದಿಗೆ ಕೈಹಿಡಿ ಹಾಕಿಸಿ. ಗ್ರಾನೈಟ್ ಮೆಟ್ಟಿಲಿನ ಅಂಚಿಗೆ ಜಾರದ ಪಟ್ಟಿ ಅಂಟಿಸಿ. ಮೇಲೂ ಕೆಳಗೂ ಹಾಕಿ ಆರಿಸಬಹುದಾದ ಲೈಟ್ ಹಾಕಿಸಿ. ಎಲ್ಲ ಸೇರಿ ಕೆಲವು ಸಾವಿರದಲ್ಲಿ ಮುಗಿಯುತ್ತದೆ. ಸ್ಟೇರ್ ಲಿಫ್ಟ್ ಹಾಕಿಸಿದರೂ ಇವು ಬೇಕೇ ಬೇಕು.

ಇಡೀ ದಿನ ವೀಲ್‌ಚೇರಿನಲ್ಲೇ ಇರುವವರಿಗೆ ಹೋಮ್ ಲಿಫ್ಟ್ ಸರಿ. ವೀಲ್‌ಚೇರ್ ಸಮೇತ ಒಳಗೆ ಹೋಗಬಹುದು. ಅದಕ್ಕೆ ಜಾಗ ಬೇಕು, ಮೇಲಿನ ಮಹಡಿಯ ಸ್ಲ್ಯಾಬ್ ಒಡೆಯಬೇಕಾಗಬಹುದು. ಕರ್ನಾಟಕದಲ್ಲಿ ಲಿಫ್ಟುಗಳಿಗೆ 2012ರ ಕಾಯ್ದೆ ಇದೆ, ವಿದ್ಯುತ್ ಪರಿವೀಕ್ಷಣಾಲಯದ ಅನುಮತಿಯ ಕೆಲಸವನ್ನು ಯಾರು ಮಾಡಿಸಿಕೊಡುತ್ತಾರೆ ಅಂತ ಕಂಪನಿಯನ್ನು ಮೊದಲೇ ಕೇಳಿ. ವೀಲ್‌ಚೇರ್ ಇದ್ದೂ ಸ್ಟೇರ್ ಲಿಫ್ಟ್ ಹಾಕಿಸುವುದಾದರೆ ಮೇಲೊಂದು ಕೆಳಗೊಂದು, ಎರಡು ವೀಲ್‌ಚೇರ್ ಬೇಕು. ಈ ಲೆಕ್ಕ ಹಲವರಿಗೆ ಹೊಳೆಯುವುದೇ ಇಲ್ಲ.

3. ಟೇಪ್ ಹಿಡಿದು ಮೆಟ್ಟಿಲು ಅಳೆಯಿರಿ

ಕಂಪನಿಯವರು ಬಂದು ಅಳೆಯುತ್ತಾರೆ, ನಿಜ. ಆದರೂ ನಿಮ್ಮ ಅಳತೆ ನಿಮ್ಮ ಕೈಯಲ್ಲಿರಲಿ. ಅವರ ಮಾತು ಸರಿಯೋ ತಪ್ಪೋ ಆಗ ಗೊತ್ತಾಗುತ್ತದೆ.

ಮೊದಲು ಅಗಲ. ಗೋಡೆಯಿಂದ ರೇಲಿಂಗಿನ ಒಳಬದಿವರೆಗೆ ಅಳೆಯಿರಿ. ಮೇಲೆ, ಮಧ್ಯೆ, ಕೆಳಗೆ ಮೂರು ಕಡೆ ಅಳೆದು, ಅತಿ ಕಡಿಮೆ ಬಂದದ್ದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಿ. ನೇರ ಮೆಟ್ಟಿಲಿಗೆ ಸುಮಾರು 70ರಿಂದ 75 ಸೆಂಟಿಮೀಟರ್ ಆದರೂ ಬೇಕು. ನಮ್ಮ ಮನೆಗಳಲ್ಲಿ ಮೂರು ಅಡಿ, ಅಂದರೆ 91 ಸೆಂಟಿಮೀಟರ್ ಸಾಮಾನ್ಯ, ಅಷ್ಟು ಇದ್ದರೆ ತೊಂದರೆ ಇಲ್ಲ. ಕುರ್ಚಿ ಮಡಚಿಟ್ಟಾಗ ಅದು ಒಂದು ಅಡಿಗಿಂತ ಸ್ವಲ್ಪ ಜಾಸ್ತಿ ಜಾಗ ತಿನ್ನುತ್ತದೆ. ಉಳಿದ ಜಾಗದಲ್ಲಿ ಮನೆಯ ಬೇರೆಯವರು ಬಟ್ಟೆ ಬಕೆಟ್ ಹಿಡಿದು ಆರಾಮಾಗಿ ಹತ್ತಬೇಕು.

ಎರಡನೆಯದು ಕೂತವರ ಬೆನ್ನಿನಿಂದ ಮಂಡಿಯ ತುದಿವರೆಗಿನ ಉದ್ದ. ಗೋಡೆಗೆ ಬೆನ್ನು ತಾಗಿಸಿ ಕುರ್ಚಿಯಲ್ಲಿ ಕೂರಿಸಿ ಅಳೆಯಿರಿ. ಎತ್ತರದ ಮನುಷ್ಯ, ಕಿರಿದಾದ ಮೆಟ್ಟಿಲು ಇದ್ದರೆ ಮಂಡಿ ರೇಲಿಂಗಿಗೆ ಉಜ್ಜುತ್ತದೆ. ಮೆಟ್ಟಿಲಿನ ಅಗಲ ಕೇಳಿ ಸರಿ ಅಂದುಬಿಟ್ಟು ಈ ಅಳತೆ ತೆಗೆಯದವರು ಬಹಳ.

ಮೂರನೆಯದು ತಲೆಯ ಮೇಲಿನ ಜಾಗ. ಹಳಿ ಹೋಗುವ ಬದಿಯಲ್ಲಿ ಬೀಮ್ ಇಳಿದಿದೆಯಾ, ಸಜ್ಜಾ ಇದೆಯಾ, ಲ್ಯಾಂಡಿಂಗಿನ ಕಿಟಕಿ ಒಳಕ್ಕೆ ತೆರೆಯುತ್ತದಾ ನೋಡಿ. ಲ್ಯಾಂಡಿಂಗ್ ಅಂದರೆ ಮೆಟ್ಟಿಲುಗಳ ನಡುವೆ ಬರುವ ಸಮತಟ್ಟು ಜಾಗ. ಸ್ವಿಚ್ ಬೋರ್ಡ್, ಗೋಡೆಗೆ ತೂಗುಹಾಕಿದ ಫೋಟೊ, ಕೈಹಿಡಿಯ ಕಂಬಿ, ಇವೆಲ್ಲ ಭುಜಕ್ಕೆ ತಾಗುವ ಎತ್ತರದಲ್ಲಿರುತ್ತವೆ.

ನಾಲ್ಕನೆಯದು ಕೆಳಗಿನ ತುದಿ. ಹಳಿ ಮೊದಲ ಮೆಟ್ಟಿಲು ದಾಟಿ ನೆಲದ ಮೇಲೆ ಒಂದಷ್ಟು ಮುಂದಕ್ಕೆ ಬರುತ್ತದೆ. ಅಲ್ಲೇ ಅಡುಗೆಮನೆ ಬಾಗಿಲೋ ಓಡಾಡುವ ದಾರಿಯೋ ಇದ್ದರೆ ದಿನಾ ಎಡವಿ ಬೀಳುವುದು ಖಂಡಿತ. ಇದಕ್ಕೆ ಮಡಚುವ ಹಳಿ ಬರುತ್ತದೆ. ಕೈಯಿಂದ ಮಡಚುವುದು ಅಗ್ಗ, ಆದರೆ ಬಗ್ಗಲಾಗದವರಿಗೆ ಅದು ಉಪಯೋಗವಿಲ್ಲ. ತಾನಾಗಿ ಮಡಚಿಕೊಳ್ಳುವುದನ್ನೇ ಕೇಳಿ.

ಮಲೆನಾಡು, ಕರಾವಳಿಯ ಹಳೆ ಮನೆಗಳಲ್ಲಿ ಅಟ್ಟಕ್ಕೆ ಹೋಗುವ ಮರದ ಮೆಟ್ಟಿಲು ತುಂಬ ಕಡಿದಾಗಿರುತ್ತದೆ. ಹಳಿ ಎಷ್ಟು ಕೋನದವರೆಗೆ ಹೋಗಬಲ್ಲದು ಅನ್ನುವುದಕ್ಕೆ ಪ್ರತಿ ಮಾಡೆಲ್‌ಗೂ ಮಿತಿ ಇದೆ. ಮರದ ಹಲಗೆಗೆ ಗೆದ್ದಲು ಹಿಡಿದಿದ್ದರೆ ಮೊದಲು ಬಡಗಿಯನ್ನು ಕರೆಸಿ. ಇನ್ನು, ಗೋಡೆಯಿಂದ ಬರೀ ಗ್ರಾನೈಟ್ ಚಪ್ಪಡಿ ಹೊರಚಾಚಿ ನಿಲ್ಲಿಸಿದ, ಕೆಳಗೆ ಕಾಂಕ್ರೀಟ್ ಇಲ್ಲದ ಮೆಟ್ಟಿಲು ಈಗ ಫ್ಯಾಷನ್ ಆಗಿದೆ. ಅದಕ್ಕೆ ತೂತು ಕೊರೆಯುವ ಮೊದಲು ಸಿವಿಲ್ ಇಂಜಿನಿಯರ್ ಒಬ್ಬರ ಮಾತು ಬೇಕೇ ಬೇಕು.

4. ನೇರ ಹಳಿಯೋ, ತಿರುವಿನ ಹಳಿಯೋ

ಬೆಲೆ ನಿರ್ಧಾರವಾಗುವುದು ಇಲ್ಲಿ. ಮೆಟ್ಟಿಲು ಒಂದೇ ದಿಕ್ಕಿನಲ್ಲಿ ಹೋದರೆ ನೇರ ಹಳಿ ಸಾಕು. ಸಿದ್ಧ ಹಳಿಯನ್ನು ಅಳತೆಗೆ ಕತ್ತರಿಸಿ ಕೂರಿಸುತ್ತಾರೆ. ಬೇಡ ಅಂದಾಗ ಮಾರಬಹುದು. ಮೆಟ್ಟಿಲು ತಿರುಗಿದರೆ ಹಳಿಯನ್ನು ನಿಮ್ಮ ಮನೆಗೆಂದೇ ಬಗ್ಗಿಸಿ ಮಾಡಿಸಬೇಕು. ಬೆಲೆ ನೇರ ಹಳಿಯ ಎರಡು-ಮೂರು ಪಟ್ಟು, ಕೆಲವೊಮ್ಮೆ ಅದಕ್ಕೂ ಜಾಸ್ತಿ. ಇನ್ನೊಂದು ಮನೆಗೆ ಅದು ಹೊಂದುವುದಿಲ್ಲ, ಹಾಗಾಗಿ ಮಾರಿದರೆ ಹಳಿಗೆ ಬೆಲೆ ಬರುವುದಿಲ್ಲ.

ನಮ್ಮ ಕಡೆಯ ಮನೆಗಳಲ್ಲಿ ನೇರ ಮೆಟ್ಟಿಲು ಅಪರೂಪ. ಎಂಟು-ಒಂಬತ್ತು ಮೆಟ್ಟಿಲು ಹತ್ತಿ, ಲ್ಯಾಂಡಿಂಗ್, ಅಲ್ಲಿಂದ ಹಿಂದಕ್ಕೆ ತಿರುಗಿ ಮತ್ತೆ ಎಂಟು-ಒಂಬತ್ತು. ಇಂಜಿನಿಯರುಗಳು ಡಾಗ್ ಲೆಗ್ ಅನ್ನುವ ಮಾದರಿ ಇದು. ಇದಕ್ಕೆ ಎರಡು ದಾರಿ.

ಒಂದು, ಕೆಳಗಿಂದ ಮೇಲಿನವರೆಗೆ ಒಂದೇ ತಿರುವಿನ ಹಳಿ. ಕೂತವರು ಒಂದೇ ಸಲ ಮೇಲೆ ಹೋಗಿ ಇಳಿಯುತ್ತಾರೆ.

ಇನ್ನೊಂದು, ಎರಡು ನೇರ ಹಳಿ, ಎರಡು ಕುರ್ಚಿ. ಮೊದಲ ಕುರ್ಚಿಯಿಂದ ಲ್ಯಾಂಡಿಂಗಿನಲ್ಲಿ ಇಳಿದು, ಎರಡು ಹೆಜ್ಜೆ ಇಟ್ಟು, ಎರಡನೆಯದಕ್ಕೆ ಕೂರಬೇಕು. ದುಡ್ಡು ಕಡಿಮೆ ಆಗಬಹುದು, ನಿಜ. ಆದರೆ ಯೋಚಿಸಿ. ಏಳುವುದು-ಕೂರುವುದೇ ಅಪಾಯದ ಕೆಲಸ. ಅದು ಇಲ್ಲಿ ಎರಡರಷ್ಟಾಗುತ್ತದೆ. ಅದೂ ಮೇಲೊಂದು ಕೆಳಗೊಂದು ಮೆಟ್ಟಿಲ ಸಾಲು ಇರುವ ಇಕ್ಕಟ್ಟಿನ ಜಾಗದಲ್ಲಿ. ಕೋಲಿಲ್ಲದೆ ನಡೆಯಬಲ್ಲವರಿಗೆ, ಬರೀ ಮಂಡಿ ನೋವಿಗೆ ಮೆಟ್ಟಿಲು ಬೇಡ ಅನ್ನುವವರಿಗೆ ಇದು ಸರಿ. ವಾಕರ್ ಹಿಡಿಯುವವರಿಗೆ, ತಲೆ ಸುತ್ತುವವರಿಗೆ ಖಂಡಿತ ಬೇಡ. ದುಡ್ಡು ಸಾಲದಿದ್ದರೆ ಮಂಚ ಕೆಳಗೆ ತನ್ನಿ. ಎರಡು ನೇರ ಹಳಿಯ ಜೂಜು ಬೇಡ.

ತಿರುವಿನಲ್ಲಿ ತ್ರಿಕೋನದ ಮೆಟ್ಟಿಲುಗಳಿದ್ದರೆ ಎರಡು ಹಳಿಯ ದಾರಿಯೇ ಇಲ್ಲ. ತಿರುವಿನ ಹಳಿಯೇ ಬೇಕು.

ತಿರುವಿನ ಹಳಿ ಒಳಬದಿಗೆ ಬೇಕಾ, ಹೊರಬದಿಗಾ ಅನ್ನುವ ಪ್ರಶ್ನೆಯೂ ಇದೆ. ಒಳಬದಿ ಅಂದರೆ ರೇಲಿಂಗಿನ ಕಡೆ. ಹಳಿ ಗಿಡ್ಡ, ಖರ್ಚು ಕಡಿಮೆ. ಆದರೆ ಮನೆಯವರು ಹಿಡಿದು ಹತ್ತುವ ರೇಲಿಂಗ್ ಮರೆಯಾಗುತ್ತದೆ. ಹೊರಬದಿ ಅಂದರೆ ಗೋಡೆಯ ಕಡೆ. ಲ್ಯಾಂಡಿಂಗ್ ಸುತ್ತಿ ಬರಬೇಕು, ಹಳಿ ಉದ್ದ. ಆದರೆ ಅಗಲವಾದ ಮೆಟ್ಟಿಲಿನಲ್ಲಿ ಎಲ್ಲರಿಗೂ ದಾರಿ ಸಲೀಸಾಗಿರುತ್ತದೆ. ಇನ್ನೊಬ್ಬ ಹಿರಿಯರು ಅದೇ ಮನೆಯಲ್ಲಿ ರೇಲಿಂಗ್ ಹಿಡಿದು ಹತ್ತುತ್ತಿದ್ದರೆ ಹೊರಬದಿಗೇ ಹಾಕಿಸಿ.

5. ಮೇಲಿನ ತುದಿಯಲ್ಲಿ ಹೇಗೆ ಇಳಿಯುತ್ತಾರೆ?

ಇದನ್ನು ಅರ್ಥ ಮಾಡಿಕೊಂಡರೆ ಅರ್ಧ ಕೆಲಸ ಮುಗಿದಂತೆ. ಕುರ್ಚಿ ಮೇಲೆ ಹೋಗಿ ನಿಂತಾಗ ಕೂತವರು ಮೆಟ್ಟಿಲಿಗೆ ಅಡ್ಡಲಾಗಿ ಮುಖ ಮಾಡಿರುತ್ತಾರೆ. ಅಲ್ಲೇ ಎದ್ದರೆ ಪಾದ ಬೀಳುವುದು ಮೆಟ್ಟಿಲಿನ ಅಂಚಿಗೆ. ಬಿದ್ದರೆ ಮೆಟ್ಟಿಲ ಸಾಲಿನುದ್ದಕ್ಕೂ ಉರುಳಬೇಕು. ಅದಕ್ಕೇ ಕುರ್ಚಿ ಮಹಡಿಯ ನೆಲದ ಕಡೆಗೆ ತಿರುಗಬೇಕು. ತಿರುಗಿ ಅಲ್ಲೇ ಗಟ್ಟಿಯಾಗಿ ಕಚ್ಚಿಕೊಳ್ಳಬೇಕು. ಆಗ ಕುರ್ಚಿಯ ಬೆನ್ನೇ ಮೆಟ್ಟಿಲಿಗೆ ತಡೆಗೋಡೆಯಾಗುತ್ತದೆ, ಕಾಲು ಇಡುವುದು ಸಮತಟ್ಟಾದ ನೆಲದ ಮೇಲೆ.

ಕೈಯಿಂದ ಲಿವರ್ ಎಳೆದು ತಿರುಗಿಸುವ ಕುರ್ಚಿಗೆ ಸೊಂಟ, ಕಾಲಿನ ಬಲ ಬೇಕು. ಕಷ್ಟ ಅನಿಸಿದರೆ ಹಿರಿಯರು ತಿರುಗಿಸದೆ ಹಾಗೇ ಎದ್ದುಬಿಡುತ್ತಾರೆ. ಹಾಗಾಗಿ ಮೋಟಾರಿನಿಂದ ತಾನಾಗಿ ತಿರುಗುವ ಸೀಟೇ ಕೊಳ್ಳಿ. ಕೊಟೇಶನ್‌ನಲ್ಲಿ ಇದನ್ನು ಬೇಕಿದ್ದರೆ ಹಾಕಿಕೊಳ್ಳುವ ಹೆಚ್ಚುವರಿ ಅಂತ ತೋರಿಸಿರುತ್ತಾರೆ. ಚರ್ಮದ ಸೀಟು, ಬಣ್ಣದ ಆಯ್ಕೆ ಬಿಡಿ, ಇದನ್ನು ಬಿಡಬೇಡಿ. ಸೀಟು ತಿರುಗಿದ ಸ್ಥಿತಿಯಲ್ಲಿ ಕುರ್ಚಿ ಹಳಿಯ ಮೇಲೆ ಓಡಬಾರದು. ಆ ಬಂದೋಬಸ್ತು ಇದೆಯೇ ಅಂತ ಕೇಳಿ.

ತಿರುವಿನ ಹಳಿ ಹಾಕಿಸುವವರಿಗೆ ಇನ್ನೂ ಒಳ್ಳೆಯ ಅವಕಾಶವಿದೆ. ಮೇಲಿನ ಮಹಡಿಯ ನೆಲದ ಮೇಲೆ ಹಳಿಯನ್ನು ಇನ್ನಷ್ಟು ದೂರ ಮುಂದುವರಿಸಿ, ಮೆಟ್ಟಿಲಿನಿಂದ ದೂರದಲ್ಲಿ ಕುರ್ಚಿ ನಿಲ್ಲುವಂತೆ ಮಾಡಬಹುದು. ಜಾಗ ಇದ್ದರೆ ಮಾಡಿಸಿ. ಇಳಿದವರು ಹಿಡಿದುಕೊಳ್ಳಲು ಆ ಜಾಗದ ಗೋಡೆಗೆ ಒಂದು ಗಟ್ಟಿ ಹಿಡಿಕೆ ಹಾಕಿಸಿ. ಕಾಲೊರಸು ಅಲ್ಲಿ ಹಾಸಬೇಡಿ.

6. ಕರೆಂಟ್ ಹೋದರೆ?

ಹೆದರಬೇಡಿ. ಈಗಿನ ಮನೆಬಳಕೆಯ ಸ್ಟೇರ್ ಲಿಫ್ಟುಗಳು ಓಡುವುದು ಬ್ಯಾಟರಿಯಲ್ಲಿ. ಸಾಮಾನ್ಯವಾಗಿ 12 ವೋಲ್ಟಿನ ಎರಡು ಬ್ಯಾಟರಿ ಸೇರಿ 24 ವೋಲ್ಟ್. ಮನೆಯ ಕರೆಂಟ್ ಬ್ಯಾಟರಿ ಚಾರ್ಜ್ ಮಾಡಲು ಮಾತ್ರ. ಕರೆಂಟ್ ಹೋದ ಮೇಲೂ ಹಲವು ಸಲ ಹತ್ತಿ ಇಳಿಯಬಹುದು.

ಆದರೆ ಒಂದು ಎಚ್ಚರಿಕೆ. ರಾತ್ರಿ ಮಲಗುವಾಗ ಎಲ್ಲ ಸ್ವಿಚ್ ಆರಿಸುವ ಅಭ್ಯಾಸ ನಮ್ಮ ಮನೆಗಳಲ್ಲಿ ಇದೆ ಅಲ್ವಾ? ಸ್ಟೇರ್ ಲಿಫ್ಟಿನ ಸ್ವಿಚ್ ಆರಿಸಬಾರದು. ಬ್ಯಾಟರಿ ಪೂರ್ತಿ ಇಳಿದು ಹಾಳಾಗುತ್ತದೆ. ಆ ಸ್ವಿಚ್ ಮೇಲೆ "ಆರಿಸಬೇಡಿ" ಅಂತ ಚೀಟಿ ಅಂಟಿಸಿ. ಕುರ್ಚಿಯನ್ನು ಚಾರ್ಜ್ ಆಗುವ ಜಾಗದಲ್ಲೇ ನಿಲ್ಲಿಸಬೇಕು, ಹೆಚ್ಚಾಗಿ ಅದು ಹಳಿಯ ಎರಡು ತುದಿ. ನೆಲ ಒರೆಸಲು ಅಂತ ಮಧ್ಯದಲ್ಲಿ ನಿಲ್ಲಿಸಿ ಮರೆತರೆ ಚಾರ್ಜ್ ಆಗುವುದಿಲ್ಲ. ಊರಿಗೆ ಹೋಗಿ ತಿಂಗಳುಗಟ್ಟಲೆ ಮನೆ ಮುಚ್ಚುವುದಿದ್ದರೆ ಏನು ಮಾಡಬೇಕು ಅಂತ ಕಂಪನಿಯಿಂದ ಬರೆಸಿಕೊಳ್ಳಿ.

ಹಳಿಯ ತುದಿಯ ಹತ್ತಿರ ಅರ್ತಿಂಗ್ ಸರಿಯಾಗಿರುವ ಸಾಕೆಟ್ ಬೇಕು. ಮೆಟ್ಟಿಲಿಗೆ ಅಡ್ಡಲಾಗಿ ವೈರ್ ಎಳೆಯುವುದು ಬೇಡ. ಮಲೆನಾಡಿನಂಥ ಸಿಡಿಲು ಜಾಸ್ತಿ ಇರುವ ಕಡೆ ಸರ್ಜ್ ರಕ್ಷಣೆ, ಅಂದರೆ ಒಮ್ಮೆಲೇ ಏರುವ ವೋಲ್ಟೇಜ್ ತಡೆಯುವ ಸಾಧನ, ಹಾಕಿಸಿ.

7. ಹೊರಗಿನ ಮೆಟ್ಟಿಲು ಮತ್ತು ಹಂಚಿಕೊಂಡ ಮೆಟ್ಟಿಲು

ಕೆಳಗೆ ಬಾಡಿಗೆಗೆ ಕೊಟ್ಟು ಮೇಲೆ ತಾವಿರುವ ಮಾಲೀಕರು ನಮ್ಮಲ್ಲಿ ಬಹಳ. ಮೆಟ್ಟಿಲು ಮನೆಯ ಹೊರಗೆ, ಮಳೆಗೆ ಬಿಸಿಲಿಗೆ. ಒಳಾಂಗಣದ ಮಾಡೆಲ್ ಹಾಕಿ ಮೇಲೊಂದು ಶೀಟ್ ಹೊದಿಸಿದರೆ ಆಯ್ತು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಹೊರಾಂಗಣಕ್ಕೆಂದೇ ಮಾಡಿದ ಮಾಡೆಲ್ ಬರುತ್ತದೆ, ಕವರ್ ಕೂಡ ಜೊತೆಗೇ ಬರುತ್ತದೆ. ಮಂಗಳೂರು, ಉಡುಪಿ, ಕಾರವಾರದ ಉಪ್ಪುಗಾಳಿಗೆ ತುಕ್ಕಿನ ವಾರಂಟಿ ಏನು ಅಂತ ಬೇರೆಯಾಗಿ ಕೇಳಿ. ಹೊರಗಿನ ಕುರ್ಚಿಗೆ ಕೀಲಿ ಇರಲೇಬೇಕು, ಇಲ್ಲದಿದ್ದರೆ ಬೀದಿ ಮಕ್ಕಳ ಆಟದ ಸಾಮಾನಾಗುತ್ತದೆ.

ಲಿಫ್ಟ್ ಇಲ್ಲದ ಹಳೆ ಅಪಾರ್ಟ್‌ಮೆಂಟಿನಲ್ಲಿ ಮೆಟ್ಟಿಲು ಎಲ್ಲರದ್ದು. ಬೆಂಕಿ ಬಿದ್ದಾಗ ಓಡುವ ದಾರಿಯೂ ಅದೇ. ಮಾಲೀಕರ ಸಂಘದ ಒಪ್ಪಿಗೆ ಬರಹದಲ್ಲಿ ಪಡೆಯದೆ ಮುಂಗಡ ಕೊಡಬೇಡಿ.

8. ಕೊಟೇಶನ್ ಓದುವ ರೀತಿ

ವಾಟ್ಸ್ಯಾಪಿನಲ್ಲಿ ಮೆಟ್ಟಿಲಿನ ಫೋಟೊ ಕಳಿಸಿ ಬೆಲೆ ಕೇಳಿದರೆ ಬರುವುದು ಬರೀ ಅಂದಾಜು. ಮನೆಗೆ ಬಂದು ಅಳತೆ ತೆಗೆದು ಕೊಟ್ಟ ಬರಹದ ಬೆಲೆಯನ್ನಷ್ಟೇ ಹೋಲಿಸಿ. ಎರಡು-ಮೂರು ಕಡೆಯಾದರೂ ಕೇಳಿ.

ಒಳ್ಳೆಯ ಯಂತ್ರಗಳು ಬಹುತೇಕ ಹೊರದೇಶದಿಂದ ಬರುತ್ತವೆ. ಹಾಗಾಗಿ ಯಂತ್ರಕ್ಕಿಂತ ರಿಪೇರಿ ಮಾಡುವವರು ಎಲ್ಲಿದ್ದಾರೆ ಅನ್ನುವುದು ದೊಡ್ಡ ಪ್ರಶ್ನೆ. ಸರ್ವೀಸ್ ಇಂಜಿನಿಯರ್ ನಿಮ್ಮ ಊರಿನಲ್ಲಿದ್ದಾರಾ, ಬೆಂಗಳೂರಿನಿಂದ ಬರಬೇಕಾ? ಬ್ಯಾಟರಿ, ಸರ್ಕ್ಯೂಟ್ ಬೋರ್ಡ್ ಭಾರತದಲ್ಲಿ ದಾಸ್ತಾನು ಇದೆಯಾ? ಕೆಟ್ಟರೆ ಎಷ್ಟು ಗಂಟೆಯಲ್ಲಿ ಬರುತ್ತಾರೆ? ಶಿವಮೊಗ್ಗ, ಕಲಬುರಗಿ ಕಡೆಯವರು ಇದನ್ನು ಬರೆಸಿಕೊಳ್ಳದೆ ಮುಂದುವರಿಯಬೇಡಿ. ಲಿಫ್ಟ್ ಕೆಟ್ಟು ಎರಡು ವಾರ ಮಹಡಿ ಮೇಲೆ ಸಿಕ್ಕಿಹಾಕಿಕೊಂಡರೆ ಹಿರಿಯರ ಪಾಡು ಏನು?

ಕೊಟೇಶನ್‌ನಲ್ಲಿ ಇವು ಬರೆದಿರಬೇಕು: ಮಾಡೆಲ್ ಹೆಸರು, ಹೊಸದೋ ಹಳೆಯದೋ, ಭಾರದ ಮಿತಿ, ಇಎನ್ 81-40 ಅಥವಾ ಐಎಸ್‌ಒ 9386-2 ಮಾನದಂಡದ ಪ್ರಮಾಣಪತ್ರ, ತಾನಾಗಿ ತಿರುಗುವ ಸೀಟು ಸೇರಿದೆಯೇ, ಮಡಚುವ ಹಳಿ ಸೇರಿದೆಯೇ, ರಿಮೋಟ್ ಎಷ್ಟು, ಜಿಎಸ್‌ಟಿ, ಸಾಗಣೆ, ಅಳವಡಿಕೆ, ವಾರಂಟಿ, ಬ್ಯಾಟರಿಗೆ ಬೇರೆ ವಾರಂಟಿ. ಜೊತೆಗೆ ವರ್ಷದ ನಿರ್ವಹಣಾ ಒಪ್ಪಂದ, ಅಂದರೆ ಎಎಂಸಿ, ಎಷ್ಟು ಮತ್ತು ಅದರಲ್ಲಿ ಬಿಡಿಭಾಗ ಸೇರುತ್ತದಾ ಅನ್ನುವುದು. ಪೂರ್ತಿ ದುಡ್ಡು ಮೊದಲೇ ಕೊಡಬೇಡಿ. ಕೊನೆಯ ಕಂತು ಅಳವಡಿಸಿ, ಪರೀಕ್ಷೆ ಮಾಡಿ, ಹಿರಿಯರು ಕೂತು ಓಡಿಸಿದ ಮೇಲೆ ಅಂತ ಬರೆಸಿ. ತಕರಾರು ಬಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು.

ಸಾಧ್ಯವಾದರೆ ಈಗಾಗಲೇ ಹಾಕಿಸಿಕೊಂಡ ಮನೆಯೊಂದನ್ನು ತೋರಿಸಲು ಕೇಳಿ. ಹಿರಿಯರನ್ನೂ ಕರೆದುಕೊಂಡು ಹೋಗಿ. ಕೂತು ನೋಡದೆ ಕುರ್ಚಿ ಕೊಳ್ಳಬಾರದು.

ಅಮೆರಿಕದಲ್ಲಿರುವ ಮಕ್ಕಳಿಗೆ ಒಂದು ಮಾತು. ಅಲ್ಲಿ ಅಗ್ಗಕ್ಕೆ ಸಿಗುತ್ತದೆ ಅಂತ ಕೊಂಡು ಮೈಸೂರಿಗೆ ಕಳಿಸಬೇಡಿ. ಅಲ್ಲಿನದು 120 ವೋಲ್ಟ್, ಇಲ್ಲಿನದು 230. ಚಾರ್ಜರ್ ಬದಲಿಸಿದರೂ ಇಲ್ಲಿ ಅದನ್ನು ಮುಟ್ಟಿ ರಿಪೇರಿ ಮಾಡುವವರು ಸಿಗುವುದಿಲ್ಲ. ದುಡ್ಡು ಕಳಿಸಿ, ಆಯ್ಕೆ ಇಲ್ಲಿರುವವರು ಕೂತು ನೋಡಿ ಮಾಡಲಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವುದಿದ್ದರೆ ನೇರ ಹಳಿ ಮಾತ್ರ. ಹಳಿ ನಿಮ್ಮ ಮೆಟ್ಟಿಲಿಗಿಂತ ಉದ್ದ ಇರಬೇಕು, ಆಗ ಕತ್ತರಿಸಬಹುದು. ಬ್ಯಾಟರಿ ಹೊಸದು ಹಾಕಿಸಿ. ಆ ಕಂಪನಿಯವರೇ ಬಂದು ಅಳವಡಿಸಿ ಸರ್ವೀಸ್ ಕೊಡಲು ಒಪ್ಪಿದರೆ ಮಾತ್ರ ತೆಗೆದುಕೊಳ್ಳಿ.

9. ಅಳವಡಿಸುವ ದಿನ

ನೇರ ಹಳಿಗೆ ಕೆಲವು ಗಂಟೆ, ತಿರುವಿನದಕ್ಕೆ ಒಂದು ದಿನ ಅಥವಾ ಸ್ವಲ್ಪ ಜಾಸ್ತಿ. ಗ್ರಾನೈಟ್, ಮಾರ್ಬಲ್ ಮೆಟ್ಟಿಲಿಗೆ ತೂತು ಕೊರೆಯುವಾಗ ಹತ್ತಿರ ನಿಲ್ಲಿ. ಸುತ್ತಿಗೆ ಹೊಡೆತದ ಡ್ರಿಲ್ಲಿನಿಂದ ಕಲ್ಲು ಸೀಳು ಬಿಡುತ್ತದೆ. ಕಲ್ಲಿನ ಪದರ ದಾಟುವವರೆಗೆ ಡೈಮಂಡ್ ಬಿಟ್ ಹಾಕಿ ನಿಧಾನಕ್ಕೆ ಕೊರೆಯಲು ಹೇಳಿ. ಬೋಲ್ಟ್ ಕಲ್ಲನ್ನಲ್ಲ, ಅದರ ಕೆಳಗಿನ ಕಾಂಕ್ರೀಟನ್ನು ಹಿಡಿಯಬೇಕು.

ಮುಗಿದ ಮೇಲೆ ಸಹಿ ಹಾಕುವ ಮೊದಲು ನೀವೇ ಪರೀಕ್ಷೆ ಮಾಡಿ. ಮೆಟ್ಟಿಲಿನ ಮೇಲೆ ಖಾಲಿ ರಟ್ಟಿನ ಡಬ್ಬಿ ಇಟ್ಟು ಕುರ್ಚಿ ಓಡಿಸಿ, ಕಾಲುಹಲಗೆ ತಾಗಿದ ಕೂಡಲೇ ನಿಲ್ಲಬೇಕು. ಹತ್ತುವಾಗಲೂ ಇಳಿಯುವಾಗಲೂ ನೋಡಿ. ಬಟನ್ ಬಿಟ್ಟ ತಕ್ಷಣ ನಿಲ್ಲುತ್ತದೆಯೇ ನೋಡಿ. ಸೀಟು ತಿರುಗಿಸಿಟ್ಟು ಓಡಿಸಲು ಪ್ರಯತ್ನಿಸಿ, ಓಡಬಾರದು. ಸ್ವಿಚ್ ಆರಿಸಿ ಬ್ಯಾಟರಿಯಲ್ಲೇ ಮೇಲೆ ಕೆಳಗೆ ಓಡಿಸಿ. ಅರ್ಧ ದಾರಿಯಲ್ಲಿ ನಿಂತರೆ ಕೈಯಿಂದ ಹೇಗೆ ಇಳಿಸುವುದು ಅನ್ನುವುದನ್ನು ಮನೆಯ ಇಬ್ಬರಾದರೂ ಕಲಿಯಲಿ. ಕೆಲಸದವರಿಗೂ ತೋರಿಸಿಕೊಡಿ. ಹಗಲು ಹೊತ್ತು ಹಿರಿಯರ ಜೊತೆ ಇರುವವರು ಅವರೇ.

10. ದಿನಬಳಕೆಯಲ್ಲಿ

ಸೀರೆಯ ಸೆರಗು, ನೆರಿಗೆ, ಪಂಚೆಯ ಅಂಚು, ದುಪಟ್ಟ. ಇವು ಹಳಿಯ ಹಲ್ಲಿಗೆ ಸಿಕ್ಕಿಕೊಳ್ಳಬಹುದು, ಗ್ರೀಸ್ ಕೂಡ ಮೆತ್ತುತ್ತದೆ. ಕೂತ ಮೇಲೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ನೆರಿಗೆಯನ್ನು ತೊಡೆಯ ಕೆಳಗೆ ಒತ್ತಿ, ಬೆಲ್ಟ್ ಹಾಕಿ, ಆಮೇಲೆ ಬಟನ್. ಈ ಕ್ರಮವನ್ನು ಮೊದಲ ವಾರ ಜೊತೆಗಿದ್ದು ರೂಢಿ ಮಾಡಿಸಿ. ಹಲ್ಲು ಮುಚ್ಚಿರುವ ಹಳಿ ಸಿಕ್ಕಿದರೆ ಕೊಳ್ಳುವಾಗಲೇ ಅದನ್ನು ಆರಿಸುವುದು ಒಳ್ಳೆಯದು.

ಮೊಮ್ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೋಗುವುದು ಬೇಡ. ಯಂತ್ರ ಒಬ್ಬರಿಗೆ ಮಾತ್ರ. ಮಕ್ಕಳು ಬಂದಾಗ ಕೀಲಿ ತೆಗೆದಿಡಿ. ಬಿಸಿ ಕಾಫಿ ಲೋಟ ಕೈಯಲ್ಲಿ ಹಿಡಿದು ಕೂರಬಾರದು. ಕೋಲು ಇಡಲು ಕುರ್ಚಿಗೇ ಹಿಡಿಕೆ ಹಾಕಿಸಬಹುದು. ಮೊಬೈಲ್ ಜೇಬಿನಲ್ಲೋ ಸೊಂಟದಲ್ಲೋ ಇರಲಿ, ಮಧ್ಯೆ ನಿಂತರೆ ಯಾರನ್ನಾದರೂ ಕರೆಯಲು ಬೇಕು.

ಹಳಿಯನ್ನು ಒಣಬಟ್ಟೆಯಿಂದ ಒರೆಸಿ. ಮೆಟ್ಟಿಲು ತೊಳೆಯಲು ಬಕೆಟ್ ನೀರು ಸುರಿಯುವ ಪದ್ಧತಿ ಇದ್ದರೆ ನಿಲ್ಲಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಮನೆಯಲ್ಲಿರುವ ಎಣ್ಣೆ ಹಚ್ಚಬೇಡಿ, ಧೂಳು ಅಂಟುತ್ತದೆ. ವರ್ಷಕ್ಕೊಮ್ಮೆಯಾದರೂ ಸರ್ವೀಸ್ ಮಾಡಿಸಿ. ಬ್ಯಾಟರಿಗಳು ಕೆಲವು ವರ್ಷಕ್ಕೆ ಬದಲಾಗಬೇಕು, ಆ ಖರ್ಚು ಲೆಕ್ಕದಲ್ಲಿರಲಿ. ಕುರ್ಚಿ ಬೀಪ್ ಬೀಪ್ ಅನ್ನತೊಡಗಿದರೆ ಹೆಚ್ಚಾಗಿ ಅದು ಚಾರ್ಜ್ ಆಗುತ್ತಿಲ್ಲ ಅಂತ ಹೇಳುತ್ತಿದೆ. ಮೊದಲು ಸ್ವಿಚ್ ನೋಡಿ, ಆಮೇಲೆ ಕುರ್ಚಿ ನಿಂತಿರುವ ಜಾಗ ನೋಡಿ. ಎರಡೂ ಸರಿ ಇದ್ದರೆ ಕಂಪನಿಗೆ ಫೋನ್ ಮಾಡಿ, ಅಲ್ಲಿಯವರೆಗೆ ಹಿರಿಯರನ್ನು ಅದರಲ್ಲಿ ಕೂರಿಸಬೇಡಿ.